ಬಾಗಿಲಿಗೆ ಬೀಗ, ಹಿತ್ತಿಲು ಬಯಲು: ಅನ್ಯದೇಶದ ಪ್ರಾಣಿಗಳೂ ನಮ್ಮ ಕಾನೂನುಗಳೂ

2018ರ ಮೇ ತಿಂಗಳು. ಶಿವಮೊಗ್ಗದ ನವಿಲೆಯಲ್ಲಿರುವ ಕೃಷಿ ಕಾಲೇಜಿನ ಮೆಕ್ಕೆಜೋಳದ ತಾಕು. ಎಳೆಯ ಗಿಡಗಳ ಸುಳಿಯೊಳಗೆ ಹುಳು ಸೇರಿಕೊಂಡು ಎಲೆಗಳನ್ನು ತೂತು ತೂತು ಮಾಡಿತ್ತು. ಸುಳಿಯ ತುಂಬ ಮರದ ಹೊಟ್ಟಿನಂಥ ಹಿಕ್ಕೆ. ಸೈನಿಕ ಹುಳು ನಮ್ಮ ರೈತರಿಗೆ ಹೊಸದೇನಲ್ಲ. ಆದರೆ ಈ ಹುಳುವಿನ ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ 'ವೈ' ಅಕ್ಷರದಂಥ ಬಿಳಿ ಗೆರೆಯಿತ್ತು. ಬಾಲದ ಬಳಿ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆಗಳಿದ್ದವು. ಕಾಲೇಜಿನ ಕೀಟವಿಜ್ಞಾನಿಗಳಾದ ಶರಣಬಸಪ್ಪ, ಸಿ.ಎಂ. ಕಲ್ಲೇಶ್ವರಸ್ವಾಮಿ ಮತ್ತು ಸಂಗಡಿಗರು ಅದನ್ನು ಪರೀಕ್ಷಿಸಿ 'ಸ್ಪೊಡೊಪ್ಟೆರಾ ಫ್ರುಜಿಪೆರ್ಡಾ' ಎಂದು ಗುರುತಿಸಿದರು. ಅಮೆರಿಕ ಖಂಡಗಳ ಉಷ್ಣವಲಯದ ಈ ಕೀಟ ಭಾರತದಲ್ಲಿ, ಏಷ್ಯಾದಲ್ಲಿಯೇ, ದಾಖಲಾದುದು ಅದೇ ಮೊದಲು. ಇಂದು ರೈತರು ಇದನ್ನು ಫಾಲ್ ಸೈನಿಕ ಹುಳು ಎಂದು ಕರೆಯುತ್ತಾರೆ.

ಮುಂದಿನದು ನಿಮಗೆ ಗೊತ್ತು. ಕೆಲವೇ ತಿಂಗಳಲ್ಲಿ ಅದು ದಾವಣಗೆರೆ, ಚಿತ್ರದುರ್ಗ, ಹಾವೇರಿ ಜಿಲ್ಲೆಗಳ ಹೊಲಗಳಿಗೆ ಹಬ್ಬಿತು. ನೆರೆಯ ರಾಜ್ಯಗಳನ್ನು ದಾಟಿ 2019ರಲ್ಲಿ ಮಿಜೋರಾಂ ತಲುಪಿತು. ಅದೇ ವರ್ಷದ ಆರಂಭದಲ್ಲಿ ಚೀನಾದಲ್ಲಿಯೂ ಕಾಣಿಸಿಕೊಂಡಿತು. ಶಿಕಾರಿಪುರ, ಸೊರಬ, ಶಿವಮೊಗ್ಗ ತಾಲ್ಲೂಕುಗಳ ಮೆಕ್ಕೆಜೋಳದ ರೈತರಿಗೆ ಹಿಂದೆಂದೂ ಇಲ್ಲದ ಔಷಧಿಯ ಖರ್ಚು ಅಂದಿನಿಂದ ಕಾಯಂ ಆಯಿತು.

ಹುಳುವಿನ ಹತೋಟಿ ಕ್ರಮಗಳನ್ನು ವಿವರಿಸುವುದು ಈ ಲೇಖನದ ಉದ್ದೇಶವಲ್ಲ. ಅನ್ಯದೇಶದ ಪ್ರಾಣಿಗಳು ದೇಶದೊಳಗೆ ಬಾರದಂತೆ ತಡೆಯಲು ನಮ್ಮಲ್ಲಿ ಕಾನೂನುಗಳಿಲ್ಲವೆ? ಇವೆ, ಒಂದಲ್ಲ, ಹಲವು. ಹಾಗಾದರೆ ಅವು ಏನು ಹೇಳುತ್ತವೆ? ಶಿವಮೊಗ್ಗದ ಹೊಲದಲ್ಲಿಯೋ ಭದ್ರಾವತಿಯ ಹೊಳೆಯ ದಡದಲ್ಲಿಯೋ ನಿಂತು ಓದಿದರೆ ಅವುಗಳ ಬಲವೆಷ್ಟು, ದೌರ್ಬಲ್ಯವೆಷ್ಟು? ಇದನ್ನು ಸ್ವಲ್ಪ ಪರಿಶೀಲಿಸೋಣ.

ಎರಡು ಹಳೆಯ ಕಾಯ್ದೆಗಳು

ಪ್ರಾಣಿಗಳ ಆಮದಿಗೆ ಸಂಬಂಧಿಸಿದ ನಮ್ಮ ಮೂಲ ಕಾಯ್ದೆಗಳೆರಡೂ ಬ್ರಿಟಿಷರ ಕಾಲದವು. ಮೊದಲನೆಯದು 1898ರ ಜಾನುವಾರು ಆಮದು ಕಾಯ್ದೆ. ಎರಡನೆಯದು 1914ರ ವಿನಾಶಕಾರಿ ಕೀಟಗಳು ಮತ್ತು ಪೀಡೆಗಳ ಕಾಯ್ದೆ.

1898ರ ಕಾಯ್ದೆಯ ಪ್ರಕಾರ ಜಾನುವಾರು ಎಂದರೆ ಕುದುರೆ, ದನ, ಒಂಟೆ, ಕುರಿ. ಜೊತೆಗೆ ಕೇಂದ್ರ ಸರ್ಕಾರ ಅಧಿಸೂಚನೆಯ ಮೂಲಕ ಸೇರಿಸುವ ಬೇರೆ ಪ್ರಾಣಿಗಳು. ಈ ಕಾಯ್ದೆಗೆ ಇರುವ ಭಯ ಒಂದೇ, ಅದು ಸಾಂಕ್ರಾಮಿಕ ರೋಗದ ಭಯ. 2001ರಲ್ಲಿ ತಿದ್ದುಪಡಿಯಾಗಿ ಮಾಂಸ, ಹಾಲು, ಮೊಟ್ಟೆಯಂಥ ಉತ್ಪನ್ನಗಳೂ ಇದರ ವ್ಯಾಪ್ತಿಗೆ ಬಂದವು. ಆದರೆ ನೋಟ ಬದಲಾಗಲಿಲ್ಲ. ಬಂದ ಪ್ರಾಣಿಗೆ ರೋಗವಿದೆಯೆ ಎಂಬುದಷ್ಟೇ ಅದರ ಪ್ರಶ್ನೆ. ರೋಗವಿಲ್ಲದ, ಗಟ್ಟಿಮುಟ್ಟಾದ ಪ್ರಾಣಿಯೇ ಹೊಸ ನೆಲದಲ್ಲಿ ಹೆಚ್ಚು ಅಪಾಯಕಾರಿ ಆಗಬಹುದೆಂಬುದು ಅದರ ಲೆಕ್ಕಕ್ಕೆ ಬಂದಿಲ್ಲ.

1914ರ ಕಾಯ್ದೆ ಸ್ವಲ್ಪ ಮುಂದೆ ಹೋಗುತ್ತದೆ. ಬೆಳೆಗೆ ಹಾನಿ ಮಾಡಬಲ್ಲ ಕೀಟಗಳ ಆಮದನ್ನೂ, ಅವುಗಳನ್ನು ಹೊತ್ತು ತರಬಲ್ಲ ವಸ್ತುಗಳ ಆಮದನ್ನೂ ನಿಷೇಧಿಸುವ ಅಥವಾ ನಿಯಂತ್ರಿಸುವ ಅಧಿಕಾರವನ್ನು ಅದು ಕೇಂದ್ರಕ್ಕೆ ಕೊಡುತ್ತದೆ. ಇದರ ಅಡಿಯಲ್ಲಿಯೇ 2003ರ ಸಸ್ಯ ಸಂಪರ್ಕನಿಷೇಧ ಆದೇಶ ಬಂದಿತು. ಬಂದರು, ವಿಮಾನ ನಿಲ್ದಾಣಗಳಲ್ಲಿ ಬೀಜ, ಗಿಡ, ಹಣ್ಣುಗಳನ್ನು ತಪಾಸಣೆ ಮಾಡುವವರು ಈ ಆದೇಶದ ಬಲದ ಮೇಲೆ ಕೆಲಸ ಮಾಡುತ್ತಾರೆ. ಪೀಡೆಯಿರುವ ವಸ್ತುಗಳು ರಾಜ್ಯದಿಂದ ರಾಜ್ಯಕ್ಕೆ ಹೋಗುವುದನ್ನು ತಡೆಯಲೂ ಕಾಯ್ದೆಯಲ್ಲಿ ಅವಕಾಶವಿದೆ. ಆದರೆ ಈ ನಿಯಮವನ್ನು ತಿಳಿದೂ ಮುರಿದವನಿಗೆ ಕಾಯ್ದೆ ಬರೆದಿಟ್ಟ ದಂಡವೆಷ್ಟು ಗೊತ್ತೆ? ಮೊದಲ ಸಲ 250 ರೂಪಾಯಿವರೆಗೆ. ಮತ್ತೆ ಸಿಕ್ಕಿಬಿದ್ದರೆ 2000 ರೂಪಾಯಿವರೆಗೆ! ಒಂದು ಲಾರಿ ತೆಂಗಿನ ಸಸಿಯ ಬೆಲೆಯ ಮುಂದೆ ಇದು ಯಾವ ಲೆಕ್ಕ?

ತೆಂಗಿನ ಸಸಿಯ ಮಾತನ್ನು ಸುಮ್ಮನೆ ಎತ್ತಿಲ್ಲ. 2016ರಲ್ಲಿ ತಮಿಳುನಾಡಿನ ಪೊಳ್ಳಾಚಿಯಲ್ಲಿ ಮೊದಲು ಕಂಡ ಸುರುಳಿ ಬಿಳಿನೊಣ, ಅದೂ ಅಮೆರಿಕದ ಕಡೆಯದೇ, ಕರ್ನಾಟಕದ ತೆಂಗಿನ ತೋಟಗಳಿಗೂ ಬಂದಿತು. ಇಂಥ ಕೀಟಗಳು ಹಾರಿ ಹೋಗುವ ದೂರ ಕಡಿಮೆ, ಸಸಿಗಳ ಜೊತೆ ಪ್ರಯಾಣ ಮಾಡುವ ದೂರ ಹೆಚ್ಚು.

ಹಾಗೆಂದು 1914ರ ಕಾಯ್ದೆ ನಿರುಪಯೋಗಿ ಎನ್ನುವುದು ಸರಿಯಲ್ಲ. 2008ರ ಸುಮಾರಿಗೆ ಪಪ್ಪಾಯಿ ಹಿಟ್ಟುತಿಗಣೆ ತಮಿಳುನಾಡು, ಕರ್ನಾಟಕಗಳಲ್ಲಿ ಹಬ್ಬಿ ಹಿಪ್ಪುನೇರಳೆಯನ್ನೂ ಹಾಳುಮಾಡತೊಡಗಿತು. ಆಗ ಬೆಂಗಳೂರಿನ ಹೆಬ್ಬಾಳದ ರಾಷ್ಟ್ರೀಯ ಕೀಟ ಸಂಸ್ಥೆ 2010ರಲ್ಲಿ ಪೋರ್ಟೊರಿಕೊದಿಂದ ಅದರ ಶತ್ರುವಾದ ಪುಟ್ಟ ಪರಾವಲಂಬಿ ಕಣಜವನ್ನು ಅನುಮತಿ ಪಡೆದು ತರಿಸಿತು. ಅದನ್ನು ಸಂಪರ್ಕನಿಷೇಧದಲ್ಲಿಟ್ಟು ಪರೀಕ್ಷಿಸಿದ ಬಳಿಕವೇ ಹೊರಗೆ ಬಿಡಲಾಯಿತು. ಹಿಟ್ಟುತಿಗಣೆ ಹತೋಟಿಗೆ ಬಂದಿತು. ಕಾನೂನು ಬಾಗಿಲನ್ನು ಮುಚ್ಚುವುದಕ್ಕೆ ಮಾತ್ರವಲ್ಲ, ವಿವೇಕದಿಂದ ತೆರೆಯುವುದಕ್ಕೂ ಇದೆ ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಪತಂಗಕ್ಕೆ ಬಂದರು ಬೇಕಿಲ್ಲ

ನವಿಲೆಯ ಹುಳುವಿಗೆ ಮರಳೋಣ. ಇದರ ಪತಂಗ ಗಾಳಿಯ ನೆರವಿನಿಂದ ಒಂದೇ ರಾತ್ರಿ ನೂರು ಕಿಲೊಮೀಟರ್ ಸಾಗಬಲ್ಲದು. ಒಂದು ಹೆಣ್ಣು ಸಾವಿರಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ. 2016ರಲ್ಲಿ ಆಫ್ರಿಕದ ಪಶ್ಚಿಮ ಕರಾವಳಿಯಲ್ಲಿ ಕಂಡದ್ದು ಎರಡೇ ವರ್ಷಗಳಲ್ಲಿ ಇಲ್ಲಿಗೆ ಬಂದಿತು. ಗಾಳಿಯ ಮೇಲೆ ಬಂದಿರಬಹುದು, ಸರಕಿನೊಂದಿಗೂ ಬಂದಿರಬಹುದು. ಗಾಳಿಯಲ್ಲಿ ಬಂದುದಾದರೆ ಯಾವ ಕಸ್ಟಮ್ಸ್ ಅಧಿಕಾರಿಯೂ ಅದನ್ನು ತಡೆಯಲಾರ.

ಹಾಗಾದರೆ ಕಾನೂನನ್ನು ದೂರುವುದೇಕೆ? ಆಮದನ್ನು ತಡೆಯಲಿಲ್ಲವೆಂದು ದೂರಬೇಕಿಲ್ಲ. ಆಮದಾದ ನಂತರ ಏನು ಮಾಡಬೇಕೆಂದು ಹೇಳಲಿಲ್ಲವಲ್ಲ, ಅದಕ್ಕೆ ದೂರಬೇಕು. ಆಫ್ರಿಕದಲ್ಲಿ ಹಬ್ಬುತ್ತಿದ್ದ ಕೀಟ ಇಲ್ಲಿಗೂ ಬರಬಹುದೆಂದು ಮೊದಲೇ ಊಹಿಸಿ ಎಲ್ಲೆಲ್ಲಿ ಬಲೆಯಿಟ್ಟು ಕಾಯಬೇಕು? ಕಂಡವರು ಎಷ್ಟು ದಿನದೊಳಗೆ ಯಾರಿಗೆ ತಿಳಿಸಬೇಕು? ತಿಳಿದವರು ಎಷ್ಟು ದಿನದೊಳಗೆ ಏನು ಮಾಡಬೇಕು? ಖರ್ಚು ಯಾರದು? ಇವಕ್ಕೆ 1914ರ ಕಾಯ್ದೆಯಲ್ಲಿ ಉತ್ತರವಿಲ್ಲ. ಹುಳುವನ್ನು ಮೊದಲು ಹಿಡಿದದ್ದು ಕಾನೂನಿನ ಯಾವುದೇ ಏರ್ಪಾಡಿನಿಂದಲ್ಲ, ತಮ್ಮ ಕಾಲೇಜಿನ ತಾಕನ್ನು ಕಣ್ಣಿಟ್ಟು ನೋಡಿದ ಅಧ್ಯಾಪಕರ ಅನುಭವದಿಂದ. ಮೇ ತಿಂಗಳಲ್ಲಿ ಕಂಡ ಕೀಟದ ಬಗ್ಗೆ ರಾಷ್ಟ್ರಮಟ್ಟದ ಎಚ್ಚರಿಕೆ ಹೊರಬಿದ್ದದ್ದು ಜುಲೈ ಕೊನೆಗೆ. ಅಷ್ಟರಲ್ಲಿ ಮುಂಗಾರಿನ ಬಿತ್ತನೆ ಮುಗಿದಿತ್ತು.

ಈ ಕೊರತೆ ಸರ್ಕಾರಕ್ಕೆ ತಿಳಿಯದ್ದೇನಲ್ಲ. 2013ರ ಮಾರ್ಚ್‌ನಲ್ಲಿ ಕೃಷಿ ಜೈವಿಕ ಸುರಕ್ಷತಾ ಮಸೂದೆಯೊಂದು ಲೋಕಸಭೆಯಲ್ಲಿ ಮಂಡನೆಯಾಗಿತ್ತು. 1898 ಮತ್ತು 1914ರ ಎರಡೂ ಕಾಯ್ದೆಗಳನ್ನು ರದ್ದುಮಾಡಿ, ಸಸ್ಯ, ಪ್ರಾಣಿ, ಮೀನುಗಳ ವಿಷಯವನ್ನೆಲ್ಲ ಒಂದೇ ಪ್ರಾಧಿಕಾರಕ್ಕೆ ವಹಿಸುವುದು, ತುರ್ತು ಸ್ಥಿತಿಯಲ್ಲಿ ಕ್ರಮ ಕೈಗೊಳ್ಳುವ ಅಧಿಕಾರವನ್ನು ಅದಕ್ಕೆ ಕೊಡುವುದು ಅದರ ಆಶಯ. 2014ರಲ್ಲಿ ಲೋಕಸಭೆ ವಿಸರ್ಜನೆಯಾದಾಗ ಮಸೂದೆಯೂ ಬಿದ್ದುಹೋಯಿತು. ನಾಲ್ಕು ವರ್ಷಗಳ ನಂತರ ಹುಳು ನವಿಲೆಗೆ ಬಂದಿತು. ಮಸೂದೆ ಕಾಯ್ದೆಯಾಗಿದ್ದರೆ ಹುಳು ಬರುತ್ತಿರಲಿಲ್ಲವೆಂದು ಹೇಳಲಾಗದು. ಬಂದಾಗ ಯಾರ ಬಾಗಿಲು ತಟ್ಟಬೇಕೆಂದಾದರೂ ಗೊತ್ತಿರುತ್ತಿತ್ತು.

ಒಂದೇ ಹೊಳೆ, ಹಲವು ಇಲಾಖೆ

ಈಗ ಶಿವಮೊಗ್ಗದಿಂದ ಭದ್ರಾವತಿಗೆ ಬನ್ನಿ. ಹೊಲದಿಂದ ಹೊಳೆಗೆ ಇಳಿಯೋಣ. ಇಲ್ಲಿ ನಾವು ನೋಡಬೇಕಾದ ಪ್ರಾಣಿ ಆಫ್ರಿಕನ್ ಕ್ಯಾಟ್‌ಫಿಶ್. ಇದರ ವೈಜ್ಞಾನಿಕ ಹೆಸರು 'ಕ್ಲೇರಿಯಸ್ ಗ್ಯಾರಿಪೈನಸ್'. 1990ರ ದಶಕದಲ್ಲಿ ಇದು ಯಾವ ಅನುಮತಿಯೂ ಇಲ್ಲದೆ ಬಾಂಗ್ಲಾದೇಶದ ಕಡೆಯಿಂದ ನಮ್ಮ ದೇಶದೊಳಗೆ ನುಸುಳಿತು. ಮೀಸೆಯುಳ್ಳ ಈ ಮೀನು ನೇರವಾಗಿ ಗಾಳಿಯನ್ನೂ ಉಸಿರಾಡಬಲ್ಲದು, ಕೊಳಕು ನೀರಿನಲ್ಲಿಯೂ ಬದುಕಬಲ್ಲದು, ಬೇರೆ ಮೀನುಗಳನ್ನು ತಿನ್ನುತ್ತದೆ, ಬಲುಬೇಗ ಬೆಳೆಯುತ್ತದೆ. ಕೋಳಿ ಅಂಗಡಿಯ ತ್ಯಾಜ್ಯ ಸುರಿದರೂ ಸಾಕು. ಸಾಕುವವನಿಗೆ ಲಾಭ, ಹೊಳೆಗೆ ಶಾಪ. ಇದರ ಸಾಕಣೆಯನ್ನು ಕೇಂದ್ರ ಸರ್ಕಾರ 1990ರ ದಶಕ ಮುಗಿಯುವ ಹೊತ್ತಿಗೆ ನಿಷೇಧಿಸಿತು. ಆದರೂ ಕರ್ನಾಟಕದಲ್ಲಿ ಅಕ್ರಮ ಹೊಂಡಗಳನ್ನು ಅಧಿಕಾರಿಗಳು ನಾಶಪಡಿಸಿದ ಸುದ್ದಿಯನ್ನು ನಾವು ಇಂದಿಗೂ ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ಕಾವೇರಿಯಲ್ಲಿ ಈ ಮೀನು ಈಗಾಗಲೇ ನೆಲೆಸಿದೆ.

ಮಳೆಗಾಲದಲ್ಲಿ ಇಂಥದೊಂದು ಹೊಂಡ ತುಂಬಿ, ಮೀನು ಭದ್ರೆಗೆ ಸೇರಿತೆಂದು ಭಾವಿಸಿ. ಯಾರು ಜವಾಬ್ದಾರರು? ಸಂವಿಧಾನದ 7ನೆಯ ಅನುಸೂಚಿಯನ್ನು ತೆರೆದು ನೋಡಿದರೆ ಉತ್ತರ ಸಿಗುತ್ತದೆ, ಒಂದಲ್ಲ ನಾಲ್ಕು! ದೇಶದ ಗಡಿ ದಾಟುವಾಗ ಅದು ಆಮದು, ಹಾಗಾಗಿ ಕೇಂದ್ರದ ವಿಷಯ. ಹೊಂಡದಲ್ಲಿ ಬೆಳೆಯುವಾಗ ಮೀನುಗಾರಿಕೆ, ಅದು ರಾಜ್ಯದ ವಿಷಯ. ರಾಜ್ಯದಿಂದ ರಾಜ್ಯಕ್ಕೆ ಹಬ್ಬುವ ಪೀಡೆ ಎಂದಾದರೆ ಸಮವರ್ತಿ ಪಟ್ಟಿ. ವನ್ಯಜೀವಿಗೆ ತೊಂದರೆಯೆಂದರೂ ಸಮವರ್ತಿ ಪಟ್ಟಿಯೇ, ಆದರೆ ಇಲಾಖೆ ಬೇರೆ. ಭದ್ರಾ ಜಲಾಶಯದ ಹಿನ್ನೀರು ಅಭಯಾರಣ್ಯಕ್ಕೆ ತಾಗಿಕೊಂಡಿದೆ, ಅಲ್ಲಿ ಅರಣ್ಯ ಇಲಾಖೆ. ಅಣೆಕಟ್ಟೆಯ ಕೆಳಗೆ ಬಿ.ಆರ್. ಪ್ರಾಜೆಕ್ಟ್‌ನಲ್ಲಿ ಮೀನುಗಾರಿಕೆ ಇಲಾಖೆಯ ಮೀನುಮರಿ ಕೇಂದ್ರ. ಇನ್ನೂ ಕೆಳಗೆ ಭದ್ರಾವತಿ ಪಟ್ಟಣದಲ್ಲಿ ಮೀನು ಮಾರುಕಟ್ಟೆಗೆ ನಗರಸಭೆ. ಕೂಡ್ಲಿಯಲ್ಲಿ ತುಂಗೆಯನ್ನು ಕೂಡಿಕೊಂಡ ಮೇಲೆ ಹೊಳೆ ಬೇರೆ ಜಿಲ್ಲೆ, ಬೇರೆ ರಾಜ್ಯಗಳ ಪಾಲು. ಮೀನಿಗೆ ಮಾತ್ರ ಈ ಯಾವ ಗಡಿಯೂ ಇಲ್ಲ. ಕೂಡ್ಲಿಯಿಂದ ತುಂಗೆಯಲ್ಲಿ ಮೇಲಕ್ಕೆ ನಡೆದರೆ ಚಿಬ್ಬಲಗುಡ್ಡೆ, ಶೃಂಗೇರಿ. ಅಲ್ಲಿ ಭಕ್ತಿಯಿಂದ ಕಾಪಾಡಿಕೊಂಡು ಬಂದ ದೇವರ ಮೀನುಗಳಿವೆ. ನಾಳೆ ಅವುಗಳ ಮರಿಗಳನ್ನು ಕಾಯುವವರು ಯಾರು?

ಸರ್ಕಾರವೇ ಕರೆತಂದ ಅತಿಥಿಗಳು

ಕಳ್ಳದಾರಿಯಲ್ಲಿ ಬಂದವುಗಳ ಕಥೆ ಇದಾಯಿತು. ರಾಜಮಾರ್ಗದಲ್ಲಿ ಬಂದವುಗಳೂ ಇವೆ. ಸೊಳ್ಳೆಯ ಮರಿಗಳನ್ನು ತಿನ್ನಲೆಂದು ಗಂಬೂಸಿಯಾ ಮೀನನ್ನು 1928ರಲ್ಲಿ ಇಟಲಿಯಿಂದ ತರಲಾಯಿತು. ಅದು ಕಪ್ಪೆಯ ಮರಿಗಳನ್ನೂ ನಮ್ಮ ಸಣ್ಣ ಮೀನುಗಳ ಮರಿಗಳನ್ನೂ ಬಿಡುವುದಿಲ್ಲ ಎಂಬುದು ಆಮೇಲೆ ತಿಳಿಯಿತು. ನಮ್ಮ ಸಂತೆಗಳಲ್ಲಿ ಜಿಲೇಬಿ ಮೀನೆಂದು ಮಾರಾಟವಾಗುವ ಟಿಲಾಪಿಯಾ 1952ರಲ್ಲಿ ಬಂದದ್ದೂ ಸರ್ಕಾರಿ ಯೋಜನೆಯಲ್ಲಿಯೇ. ಏಳೇ ವರ್ಷಕ್ಕೆ, 1959ರಲ್ಲಿ, ಅದನ್ನು ಹರಡಬಾರದೆಂದು ಮೀನುಗಾರಿಕೆ ಸಂಶೋಧನಾ ಸಮಿತಿ ನಿರ್ಧರಿಸಿತು. ಅಷ್ಟರಲ್ಲಿ ಅದು ಕೆರೆ ಕಟ್ಟೆ ಸೇರಿಯಾಗಿತ್ತು.

ಬಂದದ್ದೆಲ್ಲ ಕೇಡು ಎಂದೂ ಅಲ್ಲ. ಬೆಳ್ಳಿ ಗೆಂಡೆ, ಹುಲ್ಲು ಗೆಂಡೆ, ಸಾಮಾನ್ಯ ಗೆಂಡೆಗಳೂ ಪರದೇಶದವೇ. ಅವುಗಳನ್ನು ಸಾಕಿ ಎಷ್ಟೋ ಕುಟುಂಬಗಳು ಜೀವನ ನಡೆಸುತ್ತಿವೆ. ಪ್ರಶ್ನೆ ಇಷ್ಟೇ: ತರುವ ಮೊದಲು ಅಪಾಯವನ್ನು ಅಳೆದವರು ಯಾರು? 2009ರಿಂದ ವನ್ನಾಮೈ ಸಿಗಡಿಯ ವಿಷಯದಲ್ಲಿ ಇದನ್ನು ಬೇರೆ ರೀತಿ ಮಾಡಲಾಯಿತು. ರೋಗಮುಕ್ತವೆಂದು ದೃಢಪಟ್ಟ ತಾಯಿ ಸಿಗಡಿಗಳನ್ನು ಮಾತ್ರ ತರಿಸಿ, ಚೆನ್ನೈಯ ನೀಲಾಂಕರೈನ ಸಂಪರ್ಕನಿಷೇಧ ಕೇಂದ್ರದಲ್ಲಿಟ್ಟು, ನೋಂದಾಯಿತ ಮರಿ ಕೇಂದ್ರಗಳಿಗೆ ಕೊಡುವ ಪದ್ಧತಿ ಬಂದಿತು. ಮನಸ್ಸು ಮಾಡಿದರೆ ನಮಗೂ ಸಾಧ್ಯ ಎಂಬುದಕ್ಕೆ ಇದು ಸಾಕ್ಷಿ. ಆದರೆ ಸಿಗಡಿಯ ಹಿಂದೆ ರಫ್ತಿನ ಹಣವಿತ್ತು. ಭದ್ರೆಯ ಸಣ್ಣ ಮೀನುಗಳ ಹಿಂದೆ ಏನಿದೆ?

2022ರ ತಿದ್ದುಪಡಿ: ಏನಿದೆ, ಏನಿಲ್ಲ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ತಂದು, 2023ರ ಏಪ್ರಿಲ್ 1ರಿಂದ ಜಾರಿಗೊಳಿಸಲಾಯಿತು. ಆಕ್ರಮಣಕಾರಿ ಅನ್ಯದೇಶೀಯ ಪ್ರಭೇದ ಎಂಬ ಮಾತಿಗೆ ಈ ಕಾಯ್ದೆಯಲ್ಲಿ ಮೊದಲ ಬಾರಿಗೆ ವ್ಯಾಖ್ಯೆ ಬಂದದ್ದು ಇಲ್ಲಿಯೇ. ಭಾರತಕ್ಕೆ ಸೇರದ, ಒಳಗೆ ಬಂದರೆ ಅಥವಾ ಹರಡಿದರೆ ವನ್ಯಜೀವಿಗೆ ಇಲ್ಲವೆ ಅದರ ನೆಲೆಗೆ ಅಪಾಯ ತರಬಹುದಾದ ಪ್ರಾಣಿ ಅಥವಾ ಸಸ್ಯ ಎಂಬುದು ಅದರ ಸಾರ. ಕಲಂ 62ಎ ಅಡಿಯಲ್ಲಿ ಇಂಥ ಪ್ರಭೇದಗಳ ಆಮದು, ವ್ಯಾಪಾರ, ಇರಿಸಿಕೊಳ್ಳುವಿಕೆ, ವೃದ್ಧಿಗಳನ್ನು ಕೇಂದ್ರ ಸರ್ಕಾರ ಅಧಿಸೂಚನೆಯ ಮೂಲಕ ನಿಷೇಧಿಸಬಹುದು. ವಶಪಡಿಸಿಕೊಂಡು ನಾಶಮಾಡಲು ಅಧಿಕಾರಿಗಳನ್ನೂ ನೇಮಿಸಬಹುದು. ಕಾಯ್ದೆಯ ಸಾಮಾನ್ಯ ಉಲ್ಲಂಘನೆಗೆ ದಂಡ ಒಂದು ಲಕ್ಷ ರೂಪಾಯಿವರೆಗೆ ಏರಿತು. 250 ರೂಪಾಯಿಯ ಕಾಲದಿಂದ ಇದು ದೊಡ್ಡ ನೆಗೆತ. ಆಮದಷ್ಟೇ ಅಲ್ಲದೆ ಇರಿಸಿಕೊಳ್ಳುವುದನ್ನೂ ಮರಿ ಮಾಡಿಸುವುದನ್ನೂ ಸೇರಿಸಿದ್ದು ಮೆಚ್ಚತಕ್ಕ ವಿಷಯ.

ಆದರೆ ಮೂರು ಕೊರತೆಗಳನ್ನು ಹೇಳಲೇಬೇಕು.

ಮೊದಲನೆಯದು, ಇಲ್ಲಿ ಹಾನಿಯನ್ನು ಅಳೆಯುವ ಕೋಲು ವನ್ಯಜೀವಿ ಮಾತ್ರ. ಕ್ಯಾಟ್‌ಫಿಶ್ ಇದರೊಳಗೆ ಬರಬಹುದು. ಮೆಕ್ಕೆಜೋಳ ತಿನ್ನುವ ಹುಳು ಬರುವುದು ಕಷ್ಟ. ರೋಗವಿದ್ದರೆ ಒಂದು ಕಾಯ್ದೆ, ಬೆಳೆ ತಿಂದರೆ ಇನ್ನೊಂದು, ಕಾಡಿಗೆ ಕೇಡಾದರೆ ಮತ್ತೊಂದು. ಪ್ರಾಣಿ ಮೂರನ್ನೂ ಮಾಡಿದರೆ?

ಎರಡನೆಯದು, ಭಾರತಕ್ಕೆ ಸೇರದ ಎಂಬ ಮಾತು. ಜೀವಿಗಳ ನೆಲೆಯನ್ನು ನಿರ್ಧರಿಸುವುದು ನದಿ ಕಣಿವೆ, ಬೆಟ್ಟ, ಹವೆ. ರಾಜಕೀಯ ಭೂಪಟವಲ್ಲ. ಉತ್ತರದ ಗಂಗಾ ಬಯಲಿನ ಮೀನನ್ನು ಪಶ್ಚಿಮ ಘಟ್ಟದ ಹಳ್ಳಕ್ಕೆ ಬಿಟ್ಟರೆ ಕಾನೂನಿನ ಕಣ್ಣಿಗೆ ಅದು ಸ್ವದೇಶಿ, ಹಳ್ಳದ ಕಣ್ಣಿಗೆ ಪರದೇಶಿ.

ಮೂರನೆಯದು, ಕಲಂ 62ಎ ತಾನಾಗಿ ಯಾವ ಪ್ರಾಣಿಯನ್ನೂ ತಡೆಯುವುದಿಲ್ಲ. ಹೆಸರು ಹೆಸರಾಗಿ ಪಟ್ಟಿ ಮಾಡಿ ಅಧಿಸೂಚಿಸಿದಾಗ ಮಾತ್ರ ಅದಕ್ಕೆ ಜೀವ. ಪಟ್ಟಿಗೆ ಬೇಕಾದ ವಿಜ್ಞಾನ ನಮ್ಮಲ್ಲಿ ಇದೆ. ಭಾರತೀಯ ಪ್ರಾಣಿ ಸರ್ವೇಕ್ಷಣಾಲಯ 2017ರಲ್ಲಿಯೇ 157 ಆಕ್ರಮಣಕಾರಿ ಪ್ರಾಣಿ ಪ್ರಭೇದಗಳನ್ನು ಗುರುತಿಸಿತ್ತು. ಅವುಗಳಲ್ಲಿ 58 ನೆಲ ಮತ್ತು ಸಿಹಿನೀರಿನವು, 99 ಕಡಲಿನವು.

ಪಟ್ಟಿಗಳ ಬಗ್ಗೆ ಇನ್ನೊಂದು ಗೊಂದಲವೂ ಇದೆ. 2020ರಲ್ಲಿ ಕೇಂದ್ರ ಪರಿಸರ ಸಚಿವಾಲಯ, ಪರದೇಶಿ ಪ್ರಾಣಿಗಳನ್ನು ಸಾಕಿದವರು ಸ್ವಯಂ ಘೋಷಿಸಿಕೊಳ್ಳಬೇಕೆಂದು ಸೂಚನೆ ಹೊರಡಿಸಿತು. ಅದು ಅನ್ವಯಿಸಿದ್ದು ಸೈಟಿಸ್ ಒಪ್ಪಂದದ ಪಟ್ಟಿಗಳಲ್ಲಿರುವ ಪ್ರಾಣಿಗಳಿಗೆ. ಅವು ವ್ಯಾಪಾರದಿಂದ ತಮ್ಮ ನಾಡಿನಲ್ಲಿಯೇ ಅಳಿಯುವ ಭಯವಿರುವ ಪ್ರಾಣಿಗಳು. ಆಕ್ರಮಣಕಾರಿ ಪ್ರಾಣಿಯಾದರೋ ಎಲ್ಲಿ ಹೋದರೂ ಹೆಚ್ಚುವಂಥದು. ಪ್ರಾಣಿಯನ್ನು ನಮ್ಮಿಂದ ಕಾಪಾಡುವ ಪಟ್ಟಿ ಬೇರೆ, ನಮ್ಮ ಹೊಳೆಯನ್ನು ಪ್ರಾಣಿಯಿಂದ ಕಾಪಾಡುವ ಪಟ್ಟಿ ಬೇರೆ.

ಹೊರದೇಶಗಳಲ್ಲಿ

ಅಮೆರಿಕದ 1900ರ ಲೇಸಿ ಕಾಯ್ದೆ ನಮ್ಮ ಕಲಂ 62ಎ ಮಾದರಿಯದೇ: ಹಾನಿಕರವೆಂದು ಹೆಸರಿಸಿದವು ನಿಷಿದ್ಧ, ಉಳಿದವಕ್ಕೆ ಆ ತಡೆಯಿಲ್ಲ. ಇದು ಕಪ್ಪುಪಟ್ಟಿ. ಆಸ್ಟ್ರೇಲಿಯದಲ್ಲಿ ತಿರುಗುಮುರುಗು. ಅನುಮತಿಸಿದ ಪಟ್ಟಿಯಲ್ಲಿ ಹೆಸರಿಲ್ಲದ ಜೀವಂತ ಪ್ರಾಣಿಯನ್ನು ತರುವಂತಿಲ್ಲ. ಇದು ಬಿಳಿಪಟ್ಟಿ. ಕಪ್ಪುಪಟ್ಟಿಯಲ್ಲಿ ಅಪಾಯವನ್ನು ಸರ್ಕಾರ ಸಾಬೀತುಮಾಡಬೇಕು, ಅದೂ ಸಾಮಾನ್ಯವಾಗಿ ಹಾನಿಯಾದ ಮೇಲೆ. ಬಿಳಿಪಟ್ಟಿಯಲ್ಲಿ ಅಪಾಯವಿಲ್ಲವೆಂದು ತರುವವನೇ ಮೊದಲು ತೋರಿಸಬೇಕು. ನ್ಯೂಜಿಲೆಂಡ್ 1993ರಲ್ಲಿಯೂ ಆಸ್ಟ್ರೇಲಿಯ 2015ರಲ್ಲಿಯೂ ಜೈವಿಕ ಸುರಕ್ಷತೆಗೆಂದೇ ಸಮಗ್ರ ಕಾಯ್ದೆ ಮಾಡಿಕೊಂಡಿವೆ.

ಇಷ್ಟಾಗಿಯೂ 2020ರ ಆರಂಭದಲ್ಲಿ ಅದೇ ಫಾಲ್ ಸೈನಿಕ ಹುಳು ಟಾರೆಸ್ ಜಲಸಂಧಿಯ ದ್ವೀಪಗಳ ಮೂಲಕ ಆಸ್ಟ್ರೇಲಿಯವನ್ನೂ ಹೊಕ್ಕಿತು. ಅತಿ ಬಿಗಿಯಾದ ಕಾನೂನೂ ಪತಂಗವನ್ನು ತಡೆಯಲಿಲ್ಲ. ಆದರೆ ಅಲ್ಲಿ ಬಲೆಗಳು ಮೊದಲೇ ಸಿದ್ಧವಿದ್ದವು, ಅದು ಸಿಕ್ಕಿದ್ದು ಆ ಬಲೆಗಳಲ್ಲಿಯೇ. ಕಾನೂನಿನಿಂದ ನಾವು ನಿರೀಕ್ಷಿಸಬೇಕಾದದ್ದು ಇಂಥ ಸಿದ್ಧತೆಯನ್ನು.

ಆಗಬೇಕಾದ್ದೇನು?

ಬಿದ್ದುಹೋದ ಮಸೂದೆಯ ತಿರುಳನ್ನು ಮತ್ತೆ ಕೈಗೆತ್ತಿಕೊಳ್ಳಬೇಕು. ಪ್ರಾಣಿ ಯಾರಿಗೆ ಕೇಡು ಮಾಡುತ್ತದೆ ಎಂಬುದರ ಮೇಲೆ ಇಲಾಖೆ ಹಂಚುವ ಬದಲು, ಆಮದಿಗೆ ಮೊದಲಿನ ಅಪಾಯ ಪರೀಕ್ಷೆಯಿಂದ ಹಿಡಿದು ಬಂದ ಮೇಲಿನ ತುರ್ತು ಕ್ರಮದವರೆಗೆ ಒಂದೇ ಪ್ರಾಧಿಕಾರ ಉತ್ತರ ಹೇಳುವಂತಿರಬೇಕು. ಸಾಕಲು ತರುವ ಜೀವಂತ ಪ್ರಾಣಿಗಳಿಗೆ ಬಿಳಿಪಟ್ಟಿ ಬೇಕು. ನದಿ ಕಣಿವೆಯಿಂದ ಕಣಿವೆಗೆ ಸಾಗಿಸುವುದನ್ನೂ ಆಮದಿನಷ್ಟೇ ಗಂಭೀರವಾಗಿ ನೋಡಬೇಕು. ಸರ್ಕಾರದ ಇಲಾಖೆಗಳಿಗೂ ಇದರಿಂದ ವಿನಾಯಿತಿ ಇರಬಾರದು. ಹೊಸ ಕೀಟವನ್ನೋ ಮೀನನ್ನೋ ಕಂಡ ರೈತ, ಮೀನುಗಾರ, ಅಧ್ಯಾಪಕ ತಿಳಿಸಲು ಜಿಲ್ಲೆಗೊಂದು ಜಾಗವಿರಬೇಕು. ತಿಳಿಸಿದವನ ಬೆಳೆಯನ್ನೋ ಹೊಂಡವನ್ನೋ ನಾಶಮಾಡಬೇಕಾಗಿ ಬಂದರೆ ಪರಿಹಾರವೂ ಇರಬೇಕು. ಪರಿಹಾರವಿಲ್ಲದ ಕಡೆ ಎಲ್ಲರೂ ಮುಚ್ಚಿಡುತ್ತಾರೆ, ರಾತ್ರೋರಾತ್ರಿ ಹೊಳೆಗೆ ಸುರಿಯುತ್ತಾರೆ.

ದೆಹಲಿಯಲ್ಲಿ ಕಾನೂನು ಬದಲಾಗುವವರೆಗೆ ನಾವು ಸುಮ್ಮನಿರಬೇಕಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಬರೆಯಬೇಕು. ಆ ದಾಖಲಾತಿಯಲ್ಲಿ ಹೊಸದಾಗಿ ಬಂದ ಪ್ರಾಣಿಗಳಿಗೂ ಒಂದು ಪುಟವಿರಲಿ: ಎಂದು ಕಂಡಿತು, ಎಲ್ಲಿ, ಎಷ್ಟು. ನವಿಲೆಯಲ್ಲಿ ಕೃಷಿ ಕಾಲೇಜಿದೆ, ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯವಿದೆ. ಬರೆದುದನ್ನು ಪರೀಕ್ಷಿಸಿ ಹೇಳಬಲ್ಲವರು ನಮ್ಮ ಜಿಲ್ಲೆಯಲ್ಲಿಯೇ ಇದ್ದಾರೆ.

ಓದುಗರೇ, ನಿಮ್ಮ ಪಾಲೂ ಇದೆ. ಮನೆಯ ಗಾಜಿನ ತೊಟ್ಟಿಯ ಮೀನೋ ಆಮೆಯೋ ದೊಡ್ಡದಾಗಿ ಬೇಡವಾದಾಗ, ಪಾಪ ಬದುಕಿಕೊಳ್ಳಲಿ ಎಂದು ತುಂಗೆಗೋ ಭದ್ರೆಗೋ ಬಿಡಬೇಡಿ. ಅದು ಬದುಕಿಕೊಂಡರೆ ಅಲ್ಲಿ ಮೊದಲೇ ಇದ್ದವುಗಳ ಬದುಕಿಗೆ ಸಂಚಕಾರ. ತಂದ ಅಂಗಡಿಗೇ ಹಿಂದಿರುಗಿಸಿ, ಇಲ್ಲವೆ ಸಾಕಬಲ್ಲವರಿಗೆ ಕೊಡಿ. ಹೊಲದಲ್ಲಿ, ಕೆರೆಯಲ್ಲಿ, ಸಂತೆಯಲ್ಲಿ ಹಿಂದೆಂದೂ ಕಾಣದ ಜೀವಿ ಕಂಡರೆ ಒಂದು ಚಿತ್ರ ತೆಗೆದು ಬಲ್ಲವರಿಗೆ ತೋರಿಸಿ. 2018ರ ಮೇ ತಿಂಗಳಲ್ಲಿ ನವಿಲೆಯ ಅಧ್ಯಾಪಕರು ಮಾಡಿದ್ದೂ ಇದನ್ನೇ, ತಮ್ಮ ತಾಕಿನ ಹುಳುವನ್ನು ಅವರು ಎರಡನೆಯ ಸಲ ನೋಡಿದರು.